ತೆಗೆದುಹಾಕಿದ ಚಿತ್ರ ಇನ್ನೂ ತೆರೆಯುತ್ತಿದ್ದರೆ: ಹಳೆಯ ಲೇಖನಗಳಲ್ಲಿನ ಹಕ್ಕುಸ್ವಾಮ್ಯ ದೋಷದ ಪತ್ತೆ ಮತ್ತು ನಿವಾರಣೆ

ಬೀದರ್ ಕೋಟೆಯ ಒಂದು ಚಿತ್ರದ ಬಗ್ಗೆ ನಮಗೆ ಪತ್ರ ಬಂದದ್ದು ಕಳೆದ ವರ್ಷದ ಬೇಸಿಗೆಯಲ್ಲಿ. ಕಲಬುರಗಿಯ ನಾವು ನಾಲ್ವರು ಗೆಳೆಯರು 2009ರಿಂದ ಈ ಸೀಮೆಯ ಕೋಟೆ, ಶಾಸನ, ಮಠ, ದರ್ಗಾ, ಬಾವಿಗಳ ಮೇಲೆ ಬರೆದ ಲೇಖನಗಳನ್ನು ಅಂತರ್ಜಾಲದಲ್ಲಿ ಕೂಡಿಸಿಡುತ್ತ ಬಂದಿದ್ದೇವೆ. ಆ ಸಂಗ್ರಹದ ಮೊದಲ ದಿನಗಳ ಲೇಖನವೊಂದರಲ್ಲಿದ್ದ ಚಿತ್ರ ತಾವು ತೆಗೆದದ್ದೆಂದೂ, ಅದನ್ನು ಅನುಮತಿ ಕೇಳದೆ, ಹೆಸರನ್ನೂ ಹಾಕದೆ ಬಳಸಲಾಗಿದೆಯೆಂದೂ ಬೇರೆ ಊರಿನ ಛಾಯಾಗ್ರಾಹಕರೊಬ್ಬರು ಬರೆದಿದ್ದರು. ಅವರ ಮಾತು ಸರಿಯಾಗಿತ್ತು. ಅದೇ ಸಂಜೆ ಲೇಖನದಿಂದ ಚಿತ್ರವನ್ನು ತೆಗೆದು, ಕ್ಷಮೆ ಕೋರಿ ಉತ್ತರ ಕಳಿಸಿದೆವು. ಹನ್ನೆರಡು ದಿನಗಳ ಮೇಲೆ ಅವರಿಂದ ಮತ್ತೊಂದು ಪತ್ರ ಬಂತು. ಚಿತ್ರ ಇನ್ನೂ ತೆರೆಯುತ್ತಿದೆ, ನೀವು ತೆಗೆದೇ ಇಲ್ಲ ಎಂದು ಅದರಲ್ಲಿತ್ತು. ನಾವು ತೆಗೆದಿದ್ದೆವು, ಆದರೂ ಚಿತ್ರ ತೆರೆಯುತ್ತಿತ್ತು.

ಈ ತೊಡಕನ್ನು ಬಿಡಿಸುತ್ತ ಹೋದಾಗ ನಮ್ಮ ಸಂಗ್ರಹದಲ್ಲಿ ಎರಡು ಬೇರೆ ಬೇರೆ ದೋಷಗಳಿರುವುದು ತಿಳಿಯಿತು. ಚಿತ್ರ ಎಲ್ಲಿಂದ ಬಂತು ಎಂಬುದನ್ನು ಯಾರೂ ಯಾವತ್ತೂ ಬರೆದಿಟ್ಟಿರಲಿಲ್ಲ ಎಂಬುದು ಮೂಲ ದೋಷ. ಲೇಖನದಿಂದ ತೆಗೆದ ಚಿತ್ರ ಸರ್ವರ್‌ನಿಂದ ಹೋಗುವುದಿಲ್ಲ ಎಂಬುದು ಎರಡನೆಯದು. ಇದು ತಾಂತ್ರಿಕವಾದದ್ದು, ನಿವಾರಣೆಯೂ ಸುಲಭ. ಎರಡನೆಯದನ್ನು ಮಾತ್ರ ಸರಿಪಡಿಸಿದರೆ ಇಂದಿನ ಪತ್ರಕ್ಕೆ ಉತ್ತರ ಸಿಗುತ್ತದೆ, ಆದರೆ ಮುಂದಿನ ಪತ್ರ ಬರುವುದು ತಪ್ಪುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಹೆಚ್ಚು ಜಾಗ ಮೊದಲನೆಯದಕ್ಕೆ ಹೋಗಿದೆ.

ಕೈ ಹಚ್ಚುವ ಮೊದಲು

ಪತ್ರ ಬಂದ ಗಾಬರಿಯಲ್ಲಿ ಚಿತ್ರಗಳ ಫೋಲ್ಡರನ್ನೇ ಡಿಲೀಟ್ ಮಾಡಿಬಿಡುವ ಮನಸ್ಸಾಗುತ್ತದೆ. ಹಾಗೆ ಮಾಡಬಾರದು. ಯಾವ ಚಿತ್ರವನ್ನು ಯಾವ ದಿನ ಯಾರು ಅಪ್‌ಲೋಡ್ ಮಾಡಿದರು, ಫೈಲಿನ ಮೂಲ ಹೆಸರೇನಿತ್ತು, ಯಾವ ಲೇಖನದ ಯಾವ ಭಾಗದಲ್ಲಿತ್ತು ಎಂಬ ಮಾಹಿತಿಯೆಲ್ಲ ಆ ಫೋಲ್ಡರ್‌ನಲ್ಲೂ ಲೇಖನಗಳ ಡೇಟಾಬೇಸ್‌ನಲ್ಲೂ ಇರುತ್ತದೆ. ದೋಷವನ್ನು ಪತ್ತೆ ಹಚ್ಚಲು ಬೇಕಾದ ಸುಳಿವುಗಳೂ ಅವೇ, ಮುಂದೆ ವಕೀಲರ ಮುಂದೆ ಕೂತರೆ ಬೇಕಾಗುವ ಕಾಗದಗಳೂ ಅವೇ. ಮೊದಲು ಸರ್ವರ್‌ನಲ್ಲಿರುವ ಚಿತ್ರಗಳ ಫೋಲ್ಡರ್ ಮತ್ತು ಲೇಖನಗಳ ಡೇಟಾಬೇಸ್ ಎರಡನ್ನೂ ಇಡಿಯಾಗಿ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು, ಮೇಲೆ ದಿನಾಂಕ ಬರೆದು, ಮನೆಯಲ್ಲಿಡಬೇಕು. ಅಂತರ್ಜಾಲದ ಸಂಪರ್ಕವಿಲ್ಲದ ಈ ಪ್ರತಿ ದಾಖಲೆಗಾಗಿ ಮಾತ್ರ, ಮರುಬಳಕೆಗಲ್ಲ. ಅದಾದ ಮೇಲೆ, ದೂರು ಬಂದ ಲೇಖನವನ್ನೂ ಅನುಮಾನ ಬಲವಾಗಿರುವ ಇತರ ಲೇಖನಗಳನ್ನೂ ಅಳಿಸದೆ, ಓದುಗರಿಗೆ ಕಾಣದ ಕರಡು ಸ್ಥಿತಿಗೆ ತಂದಿಡಬೇಕು.

ಮಾಡಲೇಬಾರದ ಇನ್ನೊಂದು ಕೆಲಸವಿದೆ. ಚಿತ್ರದ ಮೂಲೆಯಲ್ಲಿರುವ ಛಾಯಾಗ್ರಾಹಕರ ಹೆಸರನ್ನೋ ಸಂಸ್ಥೆಯ ಗುರುತನ್ನೋ ಕತ್ತರಿಸಿ ಅದೇ ಚಿತ್ರವನ್ನು ಮುಂದುವರಿಸುವ ರೂಢಿ ನಮ್ಮಲ್ಲೂ ಇತ್ತು ಎಂದು ಒಪ್ಪಿಕೊಳ್ಳಬೇಕಾಗಿದೆ. 2012ರ ತಿದ್ದುಪಡಿಯಲ್ಲಿ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ ಸೇರಿದ 65ಬಿ ಕಲಂ ಪ್ರಕಾರ, ಹಕ್ಕಿನ ಮಾಹಿತಿಯನ್ನು ಅಧಿಕಾರವಿಲ್ಲದೆ, ತಿಳಿದೂ ತಿಳಿದು ತೆಗೆದುಹಾಕುವುದೇ 2 ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಪ್ರತ್ಯೇಕ ಅಪರಾಧ. ಗೊತ್ತಿಲ್ಲದೆ ಬಳಸಿದೆ ಎನ್ನುವವರ ಬಗ್ಗೆ ಕಾನೂನು ಒಂದಿಷ್ಟು ಮೃದುವಾಗಿದೆ. 55ನೇ ಕಲಮಿನಲ್ಲಿ ಅದಕ್ಕೆ ಅವಕಾಶವೂ ಇದೆ. ಆದರೆ ಹೆಸರನ್ನು ಕತ್ತರಿಸಿದವರು ಗೊತ್ತಿರಲಿಲ್ಲ ಎನ್ನಲು ಬರುವುದಿಲ್ಲ. ಇಂಥ ಚಿತ್ರ ಕಂಡರೆ ಬೇರೆ ವಿಚಾರಣೆ ಬೇಡ, ತಕ್ಷಣ ತೆಗೆಯಿರಿ.

ಪಟ್ಟಿ ಮಾಡುವುದು

ನಾವು ಮೊದಲು ಲೇಖನಗಳನ್ನು ಒಂದೊಂದಾಗಿ ತೆರೆದು ಅದರಲ್ಲಿ ಕಾಣುವ ಚಿತ್ರಗಳನ್ನು ಬರೆದುಕೊಂಡೆವು. ಅದು ಅರ್ಧ ಪಟ್ಟಿಯಷ್ಟೇ ಆಯಿತು. ಸರ್ವರ್‌ನ ಫೋಲ್ಡರ್‌ನಲ್ಲಿರುವ ಎಲ್ಲ ಫೈಲ್‌ಗಳ ಪಟ್ಟಿಯನ್ನು ಬೇರೆಯಾಗಿ ತೆಗೆದು, ಲೇಖನಗಳ ಒಳಗೆ ಬರೆದಿರುವ ಚಿತ್ರ ವಿಳಾಸಗಳ ಪಟ್ಟಿಯನ್ನು ಬೇರೆಯಾಗಿ ತೆಗೆದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ ಮಾತ್ರ ನಿಜ ಸ್ಥಿತಿ ಕಾಣಿಸಿತು. ಫೋಲ್ಡರ್‌ನಲ್ಲಿದ್ದು ಯಾವ ಲೇಖನದಲ್ಲೂ ಇಲ್ಲದ ಚಿತ್ರಗಳು ಒಂದು ಗುಂಪು. ಎಂದೋ ತೆಗೆದೆವು ಎಂದುಕೊಂಡಿದ್ದ, ಆದರೆ ನೇರ ವಿಳಾಸದಿಂದ ಈಗಲೂ ತೆರೆಯುವ ಚಿತ್ರಗಳು ಇವೇ; ಬೀದರ್ ಕೋಟೆಯದೂ ಇದರಲ್ಲೇ ಇತ್ತು. ಲೇಖನದಲ್ಲಿ ಕಾಣುತ್ತಿದ್ದು ನಮ್ಮ ಫೋಲ್ಡರ್‌ನಲ್ಲಿಲ್ಲದವು ಇನ್ನೊಂದು ಗುಂಪು. ಇವು ಬೇರೆಯವರ ಸರ್ವರ್‌ನಿಂದ ನೇರವಾಗಿ ಎಳೆದುಕೊಳ್ಳುತ್ತಿದ್ದ ಚಿತ್ರಗಳು, ಲೇಖನದ ಒಳಗಿನ ಆ ಒಂದು ಸಾಲನ್ನು ಅಳಿಸಿದರೆ ಮುಗಿಯಿತು.

ಪಟ್ಟಿಯಲ್ಲಿ ಪ್ರತಿ ಚಿತ್ರಕ್ಕೂ ಫೈಲಿನ ಹೆಸರು, ಅಳತೆ, ಅಪ್‌ಲೋಡ್ ಆದ ದಿನ, ಬಳಸಿದ ಲೇಖನ, ಚಿತ್ರ ತೆಗೆದವರು, ಸಿಕ್ಕ ಜಾಗ, ಅನುಮತಿಯ ದಾಖಲೆ, ಕೊನೆಗೆ ತೀರ್ಮಾನ ಎಂಬ ಕಾಲಂಗಳಿರಲಿ. 'ಚಿತ್ರ ತೆಗೆದವರು' ಎಂಬ ಕಾಲಂನಲ್ಲಿ 'ಗೂಗಲ್' ಅಥವಾ 'ಅಂತರ್ಜಾಲ ಕೃಪೆ' ಎಂದು ಬರೆಯಕೂಡದು. ಗೂಗಲ್ ಚಿತ್ರ ಹುಡುಕಿಕೊಡುತ್ತದೆಯೇ ಹೊರತು ತೆಗೆಯುವುದಿಲ್ಲ. ನಮ್ಮ ಎಷ್ಟೋ ಲೇಖನಗಳ ಕೆಳಗೆ 'ಚಿತ್ರ ಕೃಪೆ: ಅಂತರ್ಜಾಲ' ಎಂಬ ಸಾಲು ಇತ್ತು. ಚಿತ್ರ ತಮ್ಮದಲ್ಲ ಎಂದು ಗೊತ್ತಿದ್ದೂ ಬಳಸಿದ್ದಾರೆ ಎಂಬುದಕ್ಕೆ ಆ ಸಾಲು ನಮ್ಮದೇ ಕೈಬರಹದ ಸಾಕ್ಷಿಯಂತಿತ್ತು.

ಫೈಲಿನ ಹೆಸರೇ ಹೇಳುವ ಸುಳಿವು

ಹತ್ತು ಹನ್ನೆರಡು ವರ್ಷಗಳ ಹಿಂದಿನ ಚಿತ್ರ ಎಲ್ಲಿಂದ ಬಂತೆಂದು ನೆನಪಿನಿಂದ ಹೇಳುವುದು ಆಗದ ಮಾತು. ಗೆಳೆಯರಲ್ಲಿ ಒಬ್ಬರು 'ಇದು ನಾನೇ ಅಷ್ಟೂರಿಗೆ ಹೋದಾಗ ತೆಗೆದದ್ದು' ಎಂದು ಖಚಿತವಾಗಿ ಹೇಳಿದ ಬಹಮನಿ ಗೋರಿಯ ಚಿತ್ರ, ಪರಿಶೀಲಿಸಿದಾಗ ಬೇರೆಯವರದಾಗಿತ್ತು. ಅವರು ಸುಳ್ಳು ಹೇಳಿರಲಿಲ್ಲ. ಅದೇ ಜಾಗದಲ್ಲಿ ನಿಂತು ಅದೇ ಕೋನದಿಂದ ತಾವೂ ಒಂದು ತೆಗೆದಿದ್ದರು. ಆದ್ದರಿಂದ ನೆನಪನ್ನು ಕೊನೆಗೆ ಕೇಳಿ, ಫೈಲನ್ನು ಮೊದಲು ನೋಡಬೇಕು.

ಫೈಲಿನ ಹೆಸರು 'ಡಿಎಸ್‌ಸಿ' ಅಥವಾ 'ಐಎಂಜಿ' ಎಂಬ ಅಕ್ಷರಗಳಿಂದ ಶುರುವಾಗಿ ಅಂಕಿಗಳಲ್ಲಿ ಮುಗಿದರೆ ಅದು ಕ್ಯಾಮೆರಾ ಕೊಟ್ಟ ಹೆಸರು. ಸ್ವಂತದ್ದಾಗಿರುವ ಸಾಧ್ಯತೆ ಇದೆ, ಆದರೆ ಯಾರ ಕ್ಯಾಮೆರಾ ಎಂಬುದನ್ನು ನೋಡಬೇಕು. 'ಐಎಂಜಿ', ಅದರ ಮುಂದೆ ಎಂಟು ಅಂಕಿಯ ದಿನಾಂಕ, ಅದರ ಮುಂದೆ 'ಡಬ್ಲ್ಯೂಎ' ಎಂದಿದ್ದರೆ ಅದು ವಾಟ್ಸಾಪ್‌ನಲ್ಲಿ ಬಂದದ್ದು. ದಿನಾಂಕ ಚಿತ್ರ ನಿಮ್ಮ ಫೋನಿಗೆ ತಲುಪಿದ ದಿನದ್ದು, ತೆಗೆದ ದಿನದ್ದಲ್ಲ. ಉದ್ದನೆಯ ಅಂಕಿಗಳ ಕೊನೆಗೆ ಒಂದು 'ಎನ್' ಅಕ್ಷರವಿದ್ದರೆ ಬಹುತೇಕ ಫೇಸ್‌ಬುಕ್‌ನಿಂದ ಇಳಿಸಿದ್ದು. ಹೆಸರಿನ ಮೊದಲಲ್ಲೇ '800ಪಿಎಕ್ಸ್' ಎಂಬಂಥ ಅಳತೆಯಿದ್ದರೆ ಮುಕ್ತ ಚಿತ್ರಗಳ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ನ ಚಿಕ್ಕ ಪ್ರತಿ. ಇದು ಒಳ್ಳೆಯ ಸುದ್ದಿ, ಏಕೆಂದು ಮುಂದೆ ಹೇಳುತ್ತೇನೆ. 'ಇಮೇಜಸ್' ಎಂಬ ಹೆಸರು, ಆವರಣದಲ್ಲೊಂದು ಅಂಕಿ, ಅಗಲ ಎತ್ತರ 259 ಮತ್ತು 194, ಅಥವಾ 275 ಮತ್ತು 183, ಅಥವಾ ಎರಡೂ ಕಡೆ 225 ಪಿಕ್ಸೆಲ್ ಇದ್ದರೆ ಅದು ಗೂಗಲ್ ಚಿತ್ರ ಹುಡುಕಾಟದ ಪುಟದಿಂದ ಹಾಗೇ ಉಳಿಸಿಕೊಂಡ ಕಿರುಚಿತ್ರ. ಇಂಥದರ ಹಿಂದೆ ಅನುಮತಿ ಇದ್ದ ಉದಾಹರಣೆ ನಮ್ಮ ಸಂಗ್ರಹದಲ್ಲಿ ಒಂದೂ ಸಿಗಲಿಲ್ಲ.

ನಮ್ಮ ಊರಿನವರಿಗೆ ಇನ್ನೊಂದು ಸುಳಿವೂ ಇದೆ. ಊರಿನ ಹೆಸರು ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ಚಿತ್ರಗಳ ಮೂಲವನ್ನು ಹುಡುಕುವಾಗ 'ಗುಲ್ಬರ್ಗಾ' ಎಂಬ ಹೆಸರಿನಿಂದಲೇ ಹುಡುಕಬೇಕು. ಹೊಸ ಹೆಸರಿನಿಂದ ಹುಡುಕಿ ಏನೂ ಸಿಗಲಿಲ್ಲ ಎಂದು ಕೈಬಿಟ್ಟ ಕೋಟೆಯ ಜಾಮಿ ಮಸೀದಿಯ, ಹಫ್ತ್ ಗುಂಬಜ್‌ನ ಚಿತ್ರಗಳ ಮೂಲ ಹಳೆಯ ಹೆಸರಿನಲ್ಲಿ ಹುಡುಕಿದ ಕೂಡಲೇ ಎದುರಿಗೆ ಬಂದವು. ಸುರಪುರಕ್ಕೆ 'ಶೋರಾಪುರ' ಎಂದು, ಮಳಖೇಡಕ್ಕೆ 'ಮಾನ್ಯಖೇಟ' ಎಂದು ಹುಡುಕುವುದೂ ಹೀಗೆಯೇ ಉಪಯೋಗಕ್ಕೆ ಬಂತು.

ಹೆಸರಿನಿಂದ ತಿಳಿಯದಿದ್ದರೆ ಫೈಲಿನ ಒಳಗೆ ನೋಡಬೇಕು. ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದೊಳಗೆ ತೆಗೆದ ದಿನ, ಕ್ಯಾಮೆರಾದ ಮಾದರಿ ಮುಂತಾದ ವಿವರಗಳನ್ನು ಬರೆದಿಡುತ್ತದೆ. ವೃತ್ತಿನಿರತ ಛಾಯಾಗ್ರಾಹಕರು ತಮ್ಮ ಹೆಸರನ್ನೂ ಹಕ್ಕಿನ ಸಾಲನ್ನೂ ಅಲ್ಲಿ ಸೇರಿಸುತ್ತಾರೆ. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶ ಇಡೀ ಫೋಲ್ಡರ್‌ನ ವಿವರಗಳನ್ನು ಒಂದೇ ಸಲಕ್ಕೆ ಪಟ್ಟಿ ಮಾಡಿಕೊಡುತ್ತದೆ. ನಮ್ಮ ನಾಲ್ವರಲ್ಲಿ ಯಾರ ಬಳಿಯೂ ಇಲ್ಲದ ಕ್ಯಾಮೆರಾದ ಹೆಸರು ಕಂಡರೆ ಆ ಚಿತ್ರ ಹೊರಗಿನದೆಂದು ಗುರುತು ಹಾಕಿದೆವು. ಒಂದು ಎಚ್ಚರಿಕೆ ಅಗತ್ಯ: ವಾಟ್ಸಾಪ್ ಮೂಲಕ ಚಿತ್ರವಾಗಿ ಕಳಿಸಿದಾಗ ಈ ವಿವರಗಳೆಲ್ಲ ಅಳಿಸಿಹೋಗುತ್ತವೆ. ವಿವರ ಇಲ್ಲದಿರುವುದರಿಂದ ಚಿತ್ರ ಯಾರದೂ ಅಲ್ಲ ಎಂದಾಗುವುದಿಲ್ಲ.

ಮೂರನೆಯ ಪರೀಕ್ಷೆ ಚಿತ್ರದಿಂದಲೇ ಚಿತ್ರವನ್ನು ಹುಡುಕುವುದು. ಗೂಗಲ್ ಲೆನ್ಸ್ ಒಂದರಲ್ಲೇ ನಿಲ್ಲದೆ ಟಿನ್‌ಐ, ಬಿಂಗ್ ಎರಡರಲ್ಲೂ ನೋಡಬೇಕು. ಲೆನ್ಸ್ ಅದೇ ಕಟ್ಟಡದ ಬೇರೆ ಬೇರೆ ಚಿತ್ರಗಳನ್ನು ತೋರಿಸುತ್ತದೆ. ಟಿನ್‌ಐ ಅದೇ ಚಿತ್ರದ ಪ್ರತಿಗಳನ್ನೇ ಹುಡುಕಿ, ಹಳೆಯದು ಮೊದಲು ಬರುವಂತೆ ಜೋಡಿಸಿ ತೋರಿಸಬಲ್ಲದು. ನಮಗೆ ಬೇಕಾದದ್ದು ಎರಡನೆಯದು. ನಮ್ಮ ಪ್ರತಿಗಿಂತ ದೊಡ್ಡ ಅಳತೆಯ, ನಮ್ಮದಕ್ಕಿಂತ ಮೊದಲೇ ಹಾಕಿದ ಪ್ರತಿಯೊಂದು ಇನ್ನೊಬ್ಬರ ಹೆಸರಿನಲ್ಲಿ ಸಿಕ್ಕರೆ ರೋಗ ಪತ್ತೆಯಾಯಿತು ಎಂದೇ ತಿಳಿಯಬೇಕು. ಕತ್ತರಿಸಿದ ಚಿತ್ರಕ್ಕಿಂತ ಸುತ್ತಲಿನ ಭಾಗ ಹೆಚ್ಚು ಕಾಣುವ ಚಿತ್ರವೇ ಮೂಲಕ್ಕೆ ಹತ್ತಿರ.

ಯಾವುದು ನಿಜಕ್ಕೂ ದೋಷ, ಯಾವುದು ಅಲ್ಲ

ಮೂಲ ಗೊತ್ತಾದ ಮೇಲೆ ತೀರ್ಮಾನದ ಕೆಲಸ. ಇಲ್ಲಿ ನಮ್ಮನ್ನು ವರ್ಷಗಟ್ಟಲೆ ದಾರಿ ತಪ್ಪಿಸಿದ ಒಂದೇ ಒಂದು ತಪ್ಪು ತಿಳುವಳಿಕೆ ಎಂದರೆ, ಚಿತ್ರದಲ್ಲಿರುವ ವಸ್ತು ಹಳೆಯದಾದರೆ ಚಿತ್ರವೂ ಎಲ್ಲರದು ಎಂಬುದು. ಬೀದರಿನಲ್ಲಿರುವ ಮಹಮೂದ್ ಗವಾನರ ಮದರಸಾ ಕಟ್ಟಿದ್ದು 1472ರಲ್ಲಿ. ಅದರ ಹಸಿರು ನೀಲಿ ಹಂಚುಗಳ ಚಿತ್ರ ತೆಗೆದದ್ದು 2011ರಲ್ಲಿ. ಕಟ್ಟಡದ ಮೇಲೆ ಯಾರ ಹಕ್ಕುಸ್ವಾಮ್ಯವೂ ಇಲ್ಲ, ಚಿತ್ರದ ಮೇಲೆ ಇದೆ. ಛಾಯಾಚಿತ್ರದ ಕರ್ತೃ ಅದನ್ನು ತೆಗೆದವರು ಎಂದು ಕಾಯ್ದೆಯ 2ನೇ ಕಲಂ ಹೇಳುತ್ತದೆ. ಅವರ ಜೀವಿತಾವಧಿ ಮತ್ತು ಅವರು ತೀರಿದ ವರ್ಷದ ನಂತರ 60 ವರ್ಷ ಆ ಹಕ್ಕು ಇರುತ್ತದೆ.

ಇದೇ ತಪ್ಪು ಇನ್ನೂ ಆಳವಾಗಿ ಬೇರೂರಿರುವುದು ಶರಣರ ಚಿತ್ರಗಳಲ್ಲಿ. ಬಸವಕಲ್ಯಾಣದ ಮೇಲಿನ ನಮ್ಮ ಲೇಖನಗಳಲ್ಲಿ ಬಸವಣ್ಣನವರ, ಅಕ್ಕನ, ಅಲ್ಲಮನ ಬಣ್ಣದ ಚಿತ್ರಗಳು ತುಂಬಿದ್ದವು. ಎಲ್ಲ ಕ್ಯಾಲೆಂಡರ್‌ನಿಂದಲೋ ಪುಸ್ತಕದ ಹೊದಿಕೆಯಿಂದಲೋ ತೆಗೆದವು. ಶರಣರು 12ನೇ ಶತಮಾನದವರು, ಆದರೆ ಅವರನ್ನು ಹೀಗೆ ಕಲ್ಪಿಸಿ ಬರೆದ ಕಲಾವಿದರು ನಮ್ಮ ತಂದೆ ತಾತಂದಿರ ಕಾಲದವರು, ಕೆಲವರು ಇಂದಿಗೂ ಕುಂಚ ಹಿಡಿದವರು. ಕಲಾವಿದರ ಹೆಸರು ಸಿಗದ ಅಂಥ ಚಿತ್ರಗಳನ್ನೆಲ್ಲ ನಾವು ತೆಗೆದೆವು. ಅದರ ಬದಲು ಬಸವಕಲ್ಯಾಣದಲ್ಲಿರುವ 108 ಅಡಿಯ ಬಸವಣ್ಣನವರ ಪ್ರತಿಮೆಯ ಚಿತ್ರವನ್ನು ನಾವೇ ಹೋಗಿ ತೆಗೆದುಕೊಂಡು ಬಂದೆವು. ಪ್ರತಿಮೆಯೂ ಈ ಕಾಲದ ಕೃತಿಯೇ, ಆದರೆ ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಶಿಲ್ಪದ ಚಿತ್ರ ತೆಗೆದು ಪ್ರಕಟಿಸಲು 52ನೇ ಕಲಂ ಅವಕಾಶ ಕೊಡುತ್ತದೆ. ಕಟ್ಟಡಗಳಿಗೂ ಇದೇ ವಿನಾಯಿತಿ ಇರುವುದರಿಂದ ಕಲಬುರಗಿಯ ಬುದ್ಧ ವಿಹಾರದ ಹೊರನೋಟವನ್ನು ನಾವೇ ತೆಗೆದು ಹಾಕಿದರೆ ತೊಂದರೆಯಿಲ್ಲ. ಗೋಡೆಯ ಮೇಲೆ ಹೊಸದಾಗಿ ಬರೆದ ವರ್ಣಚಿತ್ರಕ್ಕೆ ಮಾತ್ರ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಹಳೆಯ ಛಾಯಾಚಿತ್ರಗಳ ವಿಷಯದಲ್ಲಿ ವರ್ಷಗಳ ಲೆಕ್ಕವನ್ನು ನಿಧಾನವಾಗಿ ಮಾಡಬೇಕು. ಹೈದರಾಬಾದ್ ನಿಜಾಮರ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳ್ 1905ರಲ್ಲಿ ತೀರಿಕೊಂಡರು. ಅವರ ಜೀವಿತಕಾಲದಲ್ಲಿ ಪ್ರಕಟವಾದ ಚಿತ್ರಗಳು ಹಕ್ಕಿನ ಅವಧಿ ಮುಗಿದು ಎಂದೋ ಮುಕ್ತವಾಗಿವೆ. ಗುಲಾಂ ಯಾಜ್ದಾನಿ ಬೀದರಿನ ಸ್ಮಾರಕಗಳ ಮೇಲೆ ಬರೆದ ಗ್ರಂಥ 1947ರಲ್ಲಿ ಪ್ರಕಟವಾಯಿತು, ಅವರು ತೀರಿಕೊಂಡದ್ದು 1962ರಲ್ಲಿ. ಆದ್ದರಿಂದ ಅವರ ಬರಹ ನಮ್ಮ ಕಾಯ್ದೆಯ ಪ್ರಕಾರ 2023ರ ಜನವರಿ 1ರಿಂದ ಮುಕ್ತ. ಅದರೊಳಗಿನ ಛಾಯಾಚಿತ್ರಗಳನ್ನೆಲ್ಲ ಅವರೇ ತೆಗೆದರೆಂದು ಭಾವಿಸಬೇಕಾಗಿಲ್ಲ. 2012ರ ತಿದ್ದುಪಡಿಯ ಮೊದಲು ಛಾಯಾಚಿತ್ರಕ್ಕೆ ಬೇರೆಯೇ ಲೆಕ್ಕವಿತ್ತು: ತೆಗೆದವರ ಮರಣದಿಂದಲ್ಲ, ಪ್ರಕಟವಾದ ವರ್ಷದಿಂದ 60 ವರ್ಷ. ಹೀಗಾಗಿ 1951ರ ಕೊನೆಯೊಳಗೆ ನಮ್ಮ ದೇಶದಲ್ಲಿ ಪ್ರಕಟವಾಗಿದ್ದ ಛಾಯಾಚಿತ್ರಗಳ ಹಕ್ಕು 2011ರ ಕೊನೆಗೇ ಮುಗಿದಿತ್ತು, ಮುಗಿದುಹೋದ ಹಕ್ಕನ್ನು ತಿದ್ದುಪಡಿ ಮತ್ತೆ ಎಬ್ಬಿಸಲಿಲ್ಲ.

ಈ ಲೆಕ್ಕದಲ್ಲಿ 'ಪ್ರಕಟವಾದ' ಎಂಬ ಮಾತೇ ಮುಖ್ಯ. ಪ್ರತಿ ವರ್ಷ ಸೆಪ್ಟೆಂಬರ್ 17ರ ಸುತ್ತಮುತ್ತ ನಾವು ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ಮೇಲೆ ಲೇಖನ ಹಾಕುತ್ತೇವೆ, ಅದರೊಂದಿಗೆ ಆ ಕಾಲದ ಕಪ್ಪುಬಿಳುಪು ಚಿತ್ರಗಳನ್ನೂ. 1948ರ ಪತ್ರಿಕೆಯಲ್ಲೇ ಅಚ್ಚಾದ ಚಿತ್ರ ಮುಕ್ತ. 1948ರಲ್ಲಿ ತೆಗೆದು, ಯಾರದೋ ಮನೆಯ ಪೆಟ್ಟಿಗೆಯಲ್ಲಿದ್ದು, ಮೊದಲ ಬಾರಿಗೆ 1998ರ ಪುಸ್ತಕವೊಂದರಲ್ಲಿ ಬಂದ ಚಿತ್ರಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ಎರಡೂ ನೋಡಲು ಒಂದೇ ತೆರನಾಗಿರುತ್ತವೆ. ಮೊದಲು ಎಲ್ಲಿ ಅಚ್ಚಾಯಿತು ಎಂದು ಹೇಳಲಾಗದ ಚಿತ್ರವನ್ನು ನಾವು ಉಳಿಸಿಕೊಳ್ಳಲಿಲ್ಲ.

ಸರ್ಕಾರಿ ಚಿತ್ರಗಳು ಜನರ ತೆರಿಗೆಯಿಂದ ಬಂದವು, ಆದ್ದರಿಂದ ಎಲ್ಲರೂ ಬಳಸಬಹುದು ಎಂಬ ವಾದವೂ ನಮ್ಮಲ್ಲಿ ನಡೆಯಿತು. ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಸಿಕ್ಕ, 'ರಾಯೋ ಅಸೋಕೋ' ಎಂಬ ಬರಹವುಳ್ಳ ಅಶೋಕನ ಶಿಲ್ಪದ ಚಿತ್ರವನ್ನು ನಾವು ಪುರಾತತ್ವ ಇಲಾಖೆಯ ಪ್ರಕಟಣೆಯಿಂದ ಸ್ಕ್ಯಾನ್ ಮಾಡಿ ಹಾಕಿದ್ದೆವು. ಸರ್ಕಾರಿ ಕೃತಿಗೂ ಹಕ್ಕುಸ್ವಾಮ್ಯವಿದೆ, ಪ್ರಕಟವಾದ ವರ್ಷದ ನಂತರ 60 ವರ್ಷ ಎಂದು 28ನೇ ಕಲಂ ಹೇಳುತ್ತದೆ. ರಾಜ್ಯಪತ್ರದ ವಿಷಯ, ಶಾಸನಸಭೆಯ ಮುಂದಿಟ್ಟ ಸಮಿತಿಯ ವರದಿ ಮುಂತಾದವುಗಳಿಗಿರುವ ವಿನಾಯಿತಿ ಇಲಾಖೆಯ ಛಾಯಾಚಿತ್ರಕ್ಕೆ ಇಲ್ಲ. ಅದನ್ನೂ ತೆಗೆದೆವು.

ಪತ್ರಿಕೆಯ ತುಣುಕುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಮ್ಮದೇ ಕಾರ್ಯಕ್ರಮದ ಸುದ್ದಿಯಾದರೂ ಬರಹ ಮತ್ತು ಚಿತ್ರ ಪತ್ರಿಕೆಯವರದು. ಪತ್ರಿಕೆಯ ಹೆಸರು, ದಿನಾಂಕ, ಪುಟವನ್ನು ಬರೆದು ತುಣುಕನ್ನು ತೆಗೆದರೆ ಓದುಗರಿಗೆ ನಷ್ಟವಿಲ್ಲ. ಪುಸ್ತಕ ವಿಮರ್ಶೆಯ ಜೊತೆಗಿರುವ ಮುಖಪುಟದ ಚಿಕ್ಕ ಚಿತ್ರವನ್ನು ಮಾತ್ರ ಉಳಿಸಿಕೊಂಡೆವು, ವಿಮರ್ಶೆಗಾಗಿ ನ್ಯಾಯಯುತ ಬಳಕೆಯನ್ನು 52ನೇ ಕಲಂ ಒಪ್ಪುತ್ತದೆ. ಅದೇ ಮುಖಪುಟವನ್ನು ಬೇರೆ ಲೇಖನದ ಅಲಂಕಾರಕ್ಕೆ ಬಳಸಿದ್ದ ಕಡೆ ತೆಗೆದೆವು. ನಕ್ಷೆಗಳ ಸ್ಕ್ರೀನ್‌ಶಾಟ್‌ಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಿಂದ ಮತ್ತೆ ಮಾಡಿಕೊಂಡು, ಅದರ ಕೊಡುಗೆದಾರರ ಹೆಸರಿನ ಸಾಲನ್ನು ನಕ್ಷೆಯ ಕೆಳಗೇ ಹಾಕಿದೆವು.

ಸ್ಟುಡಿಯೋ ಚಿತ್ರಗಳಲ್ಲಿ ಕಾನೂನು ನಾವು ಎಣಿಸಿದ್ದಕ್ಕಿಂತ ಬೇರೆಯಾಗಿತ್ತು. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಎಂದು 17ನೇ ಕಲಂ ಹೇಳುತ್ತದೆ. ಆದರೂ ಹಳೆಯ ಜಾತ್ರೆಯ ಚಿತ್ರವೊಂದಕ್ಕಾಗಿ ನಾವು ಸೂಪರ್ ಮಾರ್ಕೆಟ್ ಪ್ರದೇಶದ ಸ್ಟುಡಿಯೋ ಒಂದಕ್ಕೆ ಹೋಗಿ ಕೇಳಿದೆವು, ಏಕೆಂದರೆ ಅದನ್ನು ಯಾರೂ ತೆಗೆಸಿರಲಿಲ್ಲ. ಅವರೇ ತಮ್ಮ ಖುಷಿಗೆ ರಥದ ಮುಂದೆ ನಿಂತು ತೆಗೆದಿದ್ದರು. "ಫೋಟೋ ನಂದೇ ಅದ ಸರ, ಹಾಕ್ರಿ. ಆದ್ರ ಕೆಳಗ ನನ್ನ ಹೆಸರೊಂದು ಇರ್ಲಿ. ಇಷ್ಟು ವರ್ಷದಾಗ ಕೇಳಾಕ ಬಂದವ್ರು ನೀವ ಮೊದಲಿಗ್ರು" ಎಂದರು. ಅದನ್ನೇ ಒಂದು ಕಾಗದದಲ್ಲಿ ಬರೆಸಿಕೊಂಡೆವು. ಪರವಾನಗಿ ಬರವಣಿಗೆಯಲ್ಲಿರಬೇಕೆಂದು 30ನೇ ಕಲಂ ಹೇಳುತ್ತದೆ, ಬಾಯಿಮಾತಿನ ಒಪ್ಪಿಗೆ ಪಟ್ಟಿಯ ಕಾಲಂನಲ್ಲಿ ನಿಲ್ಲುವುದಿಲ್ಲ. ಆ ಮಧ್ಯಾಹ್ನ ಅವರ ಅಂಗಡಿಯಲ್ಲಿ ಕೂತಾಗ, ಹೆಸರು ಹಾಕದೆ ಬಿಟ್ಟ ಪ್ರತಿ ಚಿತ್ರದ ಹಿಂದೆಯೂ ಹೀಗೆ ಬಿಸಿಲಿನಲ್ಲಿ ನಿಂತ ಒಬ್ಬರಿದ್ದಾರೆಂಬುದು ನಮಗೆ ಮೊದಲ ಬಾರಿಗೆ ಮನಸ್ಸಿಗೆ ನಾಟಿತು.

ತೆಗೆಯದೆಯೇ ಸರಿಪಡಿಸಬಹುದಾದವು

ವಿಕಿಮೀಡಿಯ ಕಾಮನ್ಸ್‌ನಿಂದ ಬಂದ ಚಿತ್ರಗಳು ಒಳ್ಳೆಯ ಸುದ್ದಿ ಎಂದೆನಲ್ಲ, ಅದಕ್ಕೆ ಕಾರಣ ಅವುಗಳಲ್ಲಿ ಬಹುಪಾಲು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ, ಅಂದರೆ ಷರತ್ತು ಪಾಲಿಸಿದರೆ ಯಾರು ಬೇಕಾದರೂ ಬಳಸಬಹುದೆಂಬ ಮುಂಗಡ ಅನುಮತಿಯಲ್ಲಿ ಇರುತ್ತವೆ. ಅವುಗಳ ಬಳಕೆ ತಪ್ಪಾಗಿರಲಿಲ್ಲ, ಹೆಸರು ಹಾಕದಿದ್ದದ್ದು ತಪ್ಪಾಗಿತ್ತು. ಚಿತ್ರದ ಹೆಸರು, ತೆಗೆದವರ ಹೆಸರು, ಮೂಲ ಪುಟದ ಕೊಂಡಿ, ಪರವಾನಗಿಯ ಹೆಸರು ಮತ್ತು ಅದರ ಕೊಂಡಿ, ಕತ್ತರಿಸಿದ್ದರೆ ಕತ್ತರಿಸಿದ್ದೇವೆ ಎಂಬ ಮಾತು ಇಷ್ಟನ್ನು ಚಿತ್ರದ ಕೆಳಗೇ ಬರೆಯಬೇಕು. ಪರವಾನಗಿಯ ಆವೃತ್ತಿಯನ್ನು ಗಮನಿಸುವುದು ಮುಖ್ಯ. 2013ರಲ್ಲಿ ಬಂದ 4.0 ಆವೃತ್ತಿಯಲ್ಲಿ, ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಕಳೆದುಹೋದ ಬಳಕೆಯ ಹಕ್ಕು ತಾನಾಗಿ ಮರಳುತ್ತದೆ. 3.0 ಮತ್ತು ಅದಕ್ಕಿಂತ ಹಿಂದಿನವುಗಳಲ್ಲಿ ಈ ಸೌಲಭ್ಯವಿಲ್ಲ. ಅಲ್ಲಿ ಹೆಸರು ಸೇರಿಸುವುದರ ಜೊತೆಗೆ ತೆಗೆದವರಿಗೆ ಒಂದು ಪತ್ರ ಬರೆದು ಕೇಳುವುದು ಸರಿಯಾದ ದಾರಿ. ನಾವು ಬರೆದವರಲ್ಲಿ ಬೇಡ ಎಂದವರು ಯಾರೂ ಇರಲಿಲ್ಲ.

ಚಿತ್ರ ಹಂಚಿಕೊಳ್ಳುವ ತಾಣವಾದ ಫ್ಲಿಕರ್‌ನ ಚಿತ್ರಗಳಲ್ಲಿ ಬೇರೊಂದು ತೊಡಕು ಎದುರಾಯಿತು. 2010ರಲ್ಲಿ ಮುಕ್ತ ಪರವಾನಗಿ ನೋಡಿಯೇ ಬಳಸಿದ ಯಾದಗಿರಿ ಕೋಟೆಯ ಚಿತ್ರದ ಪುಟದಲ್ಲಿ ಈಗ 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಎಂದಿದೆ. ಒಮ್ಮೆ ಕೊಟ್ಟ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ನಿಯಮ ಪಾಲಿಸಿದವರಿಂದ ಹಿಂತೆಗೆಯಲು ಬರುವುದಿಲ್ಲ, ಆದರೆ ಕೊಟ್ಟಿದ್ದರು ಎಂಬುದಕ್ಕೆ ಸಾಕ್ಷಿ ನಮ್ಮ ಬಳಿ ಇರಬೇಕು. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಆ ಪುಟದ ಹಳೆಯ ಪ್ರತಿ ಸಿಕ್ಕಿದ್ದರಿಂದ ಚಿತ್ರ ಉಳಿಯಿತು. ಅದರ ಸ್ಕ್ರೀನ್‌ಶಾಟನ್ನು ಪಟ್ಟಿಗೆ ಸೇರಿಸಿದೆವು.

ಲಕ್ಷಣ: ತೆಗೆದಿದ್ದೇವೆ, ಆದರೂ ಕಾಣುತ್ತಿದೆ

ಈಗ ಛಾಯಾಗ್ರಾಹಕರ ಎರಡನೆಯ ಪತ್ರಕ್ಕೆ ಬರೋಣ. ಲೇಖನದ ಪುಟದಲ್ಲಿ ಚಿತ್ರವಿಲ್ಲ, ಚಿತ್ರದ ನೇರ ವಿಳಾಸವನ್ನು ತೆರೆದರೆ ಇದೆ. ಕಾರಣ ಸರಳ: ಲೇಖನದಿಂದ ತೆಗೆದದ್ದು ಚಿತ್ರವನ್ನು ಕರೆಯುವ ಸಾಲನ್ನು ಮಾತ್ರ, ಫೈಲು ಸರ್ವರ್‌ನಲ್ಲೇ ಉಳಿದಿತ್ತು. ಫೈಲನ್ನು ಮಾಧ್ಯಮ ಸಂಗ್ರಹದಿಂದಲೇ ಶಾಶ್ವತವಾಗಿ ಅಳಿಸಬೇಕು. ಜಾಲತಾಣ ನಡೆಸಲು ಬಳಸುವ ವರ್ಡ್‌ಪ್ರೆಸ್‌ನಂಥ ವ್ಯವಸ್ಥೆಗಳಲ್ಲಿ ಒಂದು ಚಿತ್ರ ಏರಿಸಿದ ಕೂಡಲೇ 150, 300, 768, 1024 ಪಿಕ್ಸೆಲ್ ಮುಂತಾದ ಅಳತೆಗಳ ಹಲವು ಪ್ರತಿಗಳು ತಾವಾಗಿ ತಯಾರಾಗುತ್ತವೆ. ಮಾಧ್ಯಮ ಸಂಗ್ರಹದಿಂದ ಅಳಿಸಿದರೆ ಇವೂ ಹೋಗುತ್ತವೆ, ಆದರೆ ಫೋಲ್ಡರ್ ತೆರೆದು ಕೈಯಾರೆ ದೊಡ್ಡ ಫೈಲನ್ನಷ್ಟೇ ಅಳಿಸಿದರೆ ಚಿಕ್ಕವು ಉಳಿಯುತ್ತವೆ. ಹಿಂದೊಮ್ಮೆ ವಿನ್ಯಾಸ ಬದಲಿಸಿದ್ದರೆ ಹಳೆಯ ವಿನ್ಯಾಸದ ಅಳತೆಯ ಪ್ರತಿಗಳು ದಾಖಲೆಯಲ್ಲಿಲ್ಲದೆ ಉಳಿದಿರಬಹುದು. ಆದ್ದರಿಂದ ಅಳಿಸಿದ ಮೇಲೆ ಫೈಲಿನ ಹೆಸರಿನ ಮೊದಲ ಭಾಗವನ್ನು ಹಿಡಿದು ಫೋಲ್ಡರ್‌ನಲ್ಲಿ ಮತ್ತೊಮ್ಮೆ ಹುಡುಕಲೇಬೇಕು; ನಮಗೆ ಆ ಒಂದು ಕೋಟೆಯ ಚಿತ್ರದ ಒಂಬತ್ತು ಪ್ರತಿಗಳು ಸಿಕ್ಕವು.

ಫೈಲುಗಳೆಲ್ಲ ಹೋದ ಮೇಲೂ ವಿಳಾಸ ತೆರೆದರೆ ಚಿತ್ರ ಬರುತ್ತಿದ್ದರೆ ಅದು ಸರ್ವರ್ ಮತ್ತು ಓದುಗರ ಮಧ್ಯೆ ತಾತ್ಕಾಲಿಕವಾಗಿ ಉಳಿದ ಪ್ರತಿ. ಮೊದಲು ನಿಮ್ಮದೇ ಫೋನಿನ ಬ್ರೌಸರ್‌ನ ನೆನಪನ್ನು ಅನುಮಾನಿಸಿ; ಬೇರೆಯವರ ಫೋನಿನಲ್ಲಿ, ಖಾಸಗಿ ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲೂ ಬಂದರೆ, ಪುಟಗಳನ್ನು ಬೇಗ ತಲುಪಿಸಲು ಹಾಕಿಕೊಂಡಿರುವ ಕ್ಯಾಶ್ (ತಾತ್ಕಾಲಿಕ ಪ್ರತಿಗಳ ಸಂಗ್ರಹ) ಮತ್ತು ಸಿಡಿಎನ್ (ಬೇರೆ ಬೇರೆ ಊರಿನ ಸರ್ವರ್‌ಗಳಲ್ಲಿ ಪ್ರತಿ ಇಡುವ) ಸೇವೆಯನ್ನು ಪೂರ್ತಿಯಾಗಿ ಖಾಲಿ ಮಾಡಬೇಕು. ಇದು ನಮಗೆ ನಾಲ್ಕನೆಯ ದಿನ ಹೊಳೆಯಿತು.

ಮೂರನೆಯ ಜಾಗ ಹುಡುಕು ಯಂತ್ರ. ಗೂಗಲ್‌ನ ಚಿತ್ರ ಹುಡುಕಾಟದಲ್ಲಿ ಕಾಣುವ ಕಿರುಚಿತ್ರ ಗೂಗಲ್‌ನ ಬಳಿಯಿರುವ ಪ್ರತಿ. ಅಳಿಸಿದ ವಿಳಾಸ 404 ಅಥವಾ 410, ಅಂದರೆ ಇಲ್ಲಿ ಏನೂ ಇಲ್ಲ ಎಂಬ ಉತ್ತರ ಕೊಡುತ್ತಿದ್ದರೆ ಅದು ಕಾಲಕ್ರಮದಲ್ಲಿ ತಾನಾಗಿ ಹೋಗುತ್ತದೆ. ಅಳಿಸಿದ ವಿಳಾಸವನ್ನು ಮುಖಪುಟಕ್ಕೆ ತಿರುಗಿಸಿದರೆ ಗೊಂದಲವಾಗುತ್ತದೆ, ಹಾಗೆ ಮಾಡಬೇಡಿ. ಬೇಗ ಹೋಗಬೇಕೆಂದರೆ, ಜಾಲತಾಣದ ಒಡೆಯರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನ ತೆಗೆದುಹಾಕುವ ಸೌಲಭ್ಯದಲ್ಲಿ ವಿಳಾಸವನ್ನು ಕೊಡಬಹುದು. ಅದು ಸುಮಾರು 6 ತಿಂಗಳು ಮಾತ್ರ ಮರೆಮಾಡುತ್ತದೆ, ಆದ್ದರಿಂದ ಫೈಲನ್ನು ಮೊದಲು ಅಳಿಸಿಯೇ ಅದನ್ನು ಬಳಸಬೇಕು. ಲೇಖನದ ಕೊಂಡಿಯನ್ನು ಫೇಸ್‌ಬುಕ್‌ನಲ್ಲಿ ಹಂಚಿದಾಗ ಕಾಣುವ ಚಿತ್ರ ಇನ್ನೂ ಹಳೆಯದಿದ್ದರೆ, ಲೇಖನದ ಪ್ರಧಾನ ಚಿತ್ರದ ಜಾಗದಲ್ಲಿ ಅದರ ವಿಳಾಸ ಉಳಿದಿದೆಯೇ ನೋಡಿ, ಬದಲಿಸಿ, ಫೇಸ್‌ಬುಕ್‌ನ ಹಂಚಿಕೆ ಪರೀಕ್ಷಕದಲ್ಲಿ ಕೊಂಡಿಯನ್ನು ಹೊಸದಾಗಿ ಓದಿಸಬೇಕು.

ನಾವು ಮರೆತೇಬಿಟ್ಟಿದ್ದ ಜಾಗ ಪಿಡಿಎಫ್‌ಗಳು. ಕಲ್ಯಾಣ ಕರ್ನಾಟಕದ ಕೋಟೆಗಳ ಲೇಖನಗಳನ್ನು ಕೂಡಿಸಿ ಮಾಡಿದ್ದ ಎರಡು ಪಿಡಿಎಫ್ ಸಂಕಲನಗಳಲ್ಲಿ ಅದೇ ಚಿತ್ರ ಇತ್ತು, ಒಂದರ ಹೊದಿಕೆಯ ಮೇಲೇ. ಚಿತ್ರದ ಫೈಲಿನ ಹೆಸರಿನಿಂದ ಹುಡುಕಿದರೆ ಪಿಡಿಎಫ್ ಒಳಗಿನದು ಸಿಗುವುದಿಲ್ಲ, ಕಣ್ಣಿನಿಂದಲೇ ನೋಡಬೇಕು. ಎರಡನ್ನೂ ಹಿಂತೆಗೆದು, ಹೊಸ ಚಿತ್ರಗಳೊಂದಿಗೆ ಮತ್ತೆ ಮಾಡಿ, ಬೇರೆ ಹೆಸರಿನಲ್ಲಿ ಏರಿಸಿದೆವು.

ಪತ್ರಕ್ಕೆ ಉತ್ತರ

ತಾಂತ್ರಿಕ ಕೆಲಸ ನಡೆಯುತ್ತಿರುವಾಗಲೇ ದೂರು ಕೊಟ್ಟವರಿಗೆ ಉತ್ತರ ಹೋಗಬೇಕು. ತಪ್ಪು ನಮ್ಮದಾಗಿದ್ದರೆ ಒಪ್ಪಿಕೊಳ್ಳಿ, ಯಾವ ದಿನ ಯಾವ ವಿಳಾಸದಿಂದ ತೆಗೆದಿರೆಂದು ಬರೆಯಿರಿ, ಪರೀಕ್ಷಿಸದೆ 'ಪೂರ್ತಿ ತೆಗೆದಿದ್ದೇವೆ' ಎನ್ನಬೇಡಿ. ನಾವು ಮೊದಲ ಉತ್ತರದಲ್ಲಿ ಮಾಡಿದ ತಪ್ಪು ಅದೇ. ಹಣದ ಬೇಡಿಕೆಯೋ ವಕೀಲರ ನೋಟಿಸೋ ಬಂದಿದ್ದರೆ ಸ್ವಂತವಾಗಿ ಉತ್ತರಿಸದೆ ವಕೀಲರನ್ನು ಕಾಣಬೇಕು. ಹಕ್ಕುದಾರರು ತಾವು ವಾಸಿಸುವ ಅಥವಾ ವ್ಯವಹಾರ ನಡೆಸುವ ಊರಿನ ನ್ಯಾಯಾಲಯದಲ್ಲಿ ದಾವೆ ಹೂಡಲು 62ನೇ ಕಲಂ ಅವಕಾಶ ಕೊಡುವುದರಿಂದ, ಕಲಬುರಗಿಯ ನಮ್ಮಂಥವರು ದೂರದ ಊರಿಗೆ ಓಡಾಡಬೇಕಾಗಿ ಬರಬಹುದು.

ಛಾಯಾಗ್ರಾಹಕರಿಗೆ ನಾವು ಬರೆದ ಮೂರನೆಯ ಪತ್ರದೊಂದಿಗೆ ಪಟ್ಟಿಯ ಆ ಸಾಲನ್ನೂ, ಒಂಬತ್ತು ಫೈಲುಗಳ, ಎರಡು ಪಿಡಿಎಫ್‌ಗಳ ವಿಳಾಸಗಳನ್ನೂ, ಪ್ರತಿಯೊಂದನ್ನು ತೆಗೆದ ದಿನವನ್ನೂ ಸೇರಿಸಿದ್ದೆವು. ಅವರು ಒಂದೊಂದನ್ನೂ ತೆರೆದು ನೋಡಿ, ಯಾವುದೂ ತೆರೆಯುತ್ತಿಲ್ಲ ಎಂದು ಎರಡು ಸಾಲಿನಲ್ಲಿ ತಿಳಿಸಿದರು. ಲೇಖನದಲ್ಲಿ ಈಗ ಬೀದರ್ ಕೋಟೆಯ ಗುಂಬದ್ ದರ್ವಾಜಾದ ಚಿತ್ರವಿದೆ, ಗೆಳೆಯರೊಬ್ಬರು ಜನವರಿಯ ಒಂದು ಬೆಳಿಗ್ಗೆ ತೆಗೆದದ್ದು. ಕೆಳಗೆ ಅವರ ಹೆಸರೂ ದಿನಾಂಕವೂ ಇದೆ. ಪಟ್ಟಿಯಲ್ಲಿ ಇನ್ನೂ 41 ಚಿತ್ರಗಳ ಮುಂದೆ ತೀರ್ಮಾನದ ಕಾಲಂ ಖಾಲಿ ಉಳಿದಿದೆ, ಆ ಲೇಖನಗಳು ಸದ್ಯಕ್ಕೆ ಚಿತ್ರವಿಲ್ಲದೆಯೇ ಓದುಗರ ಮುಂದಿವೆ.